ಹಳೇಬೀಡಿನ ಅಜ್ಜಿಗೆ ಸಕಲೇಶಪುರದ ದಾರಿ

ಹಾಸನ ಜಿಲ್ಲೆಯ ನಕ್ಷೆಯನ್ನು ಬಸ್ಸಿನ ಲೆಕ್ಕದಲ್ಲಿ ಓದಿದರೆ ಬೇರೆಯೇ ಕಾಣುತ್ತದೆ. ಹಳೇಬೀಡು ಬೇಲೂರು ತಾಲ್ಲೂಕಿನ ಒಂದು ಹೋಬಳಿ. ಅಲ್ಲಿನ ಅಜ್ಜಿಯೊಬ್ಬರಿಗೆ ಆದಾಯ ಪತ್ರ ಬೇಕಾದರೆ ಊರಲ್ಲೇ ನಾಡಕಚೇರಿ ಇದೆ. ಬರುತ್ತಿದ್ದ ಪಿಂಚಣಿ ನಿಂತು ತಕರಾರಾದರೆ ಹದಿನಾರು ಕಿಲೋಮೀಟರ್ ಆಚೆ ಬೇಲೂರಿನ ತಾಲ್ಲೂಕು ಕಚೇರಿಗೆ ಹೋಗಬೇಕು. ಸೊಂಟದ ಮೂಳೆ ಮುರಿದರೆ ಹಾಸನದ ಹಿಮ್ಸ್ ಆಸ್ಪತ್ರೆ. ಮಗ ತೋಟ ಬರೆಸಿಕೊಂಡು ಅನ್ನ ಹಾಕದೇ ಹೋದರೆ ದೂರು ಸಲ್ಲಬೇಕಾದದ್ದು ಸಕಲೇಶಪುರದಲ್ಲಿ, ಏಕೆಂದರೆ ಬೇಲೂರು ತಾಲ್ಲೂಕು ಸೇರಿರುವುದು ಸಕಲೇಶಪುರ ಉಪವಿಭಾಗಕ್ಕೆ. ಹಳೇಬೀಡಿನಿಂದ ಒಂದು ಗಳಿಗೆಯ ಬಸ್ ಪ್ರಯಾಣದಷ್ಟು ದೂರದ ಜಾವಗಲ್ಲಿನಲ್ಲಿ ಅದೇ ಅಜ್ಜಿಯ ತಂಗಿ ಇದ್ದಾರೆ ಎಂದಿಟ್ಟುಕೊಳ್ಳಿ. ಜಾವಗಲ್ ಅರಸೀಕೆರೆ ತಾಲ್ಲೂಕಿಗೆ ಸೇರಿದ್ದರಿಂದ ತಂಗಿಯ ದೂರು ಹಾಸನಕ್ಕೆ ಹೋಗುತ್ತದೆ. ಅಕ್ಕ ಘಟ್ಟದ ಕಡೆ, ತಂಗಿ ಜಿಲ್ಲಾ ಕೇಂದ್ರದ ಕಡೆ.

ಕಷ್ಟದಲ್ಲಿರುವವರಿಗೆ ಯೋಜನೆಗಳ ಹೆಸರು ಗೊತ್ತಿಲ್ಲ ಎಂದು ಭಾಷಣಗಳಲ್ಲಿ ಕೇಳುತ್ತೇವೆ. ಹೆಸರುಗಳು ಗೊತ್ತಿವೆ. ಗೃಹಲಕ್ಷ್ಮಿ, ಸಂಧ್ಯಾ ಸುರಕ್ಷಾ, ಆಯುಷ್ಮಾನ್ ಎಂಬ ಮಾತುಗಳು ಬಾಣಾವರದ ಸಂತೆಯಲ್ಲೂ ಬಿಕ್ಕೋಡಿನ ಕಾಫಿ ತೋಟದಲ್ಲೂ ಬಾಯಿಪಾಠ. ಯಾವ ಊರಿಗೆ, ಯಾವ ಮೇಜಿನ ಮುಂದೆ, ಯಾವ ಕಾಗದ ಹಿಡಿದು ನಿಲ್ಲಬೇಕು ಎನ್ನುವುದು ಮಾತ್ರ ಗೊತ್ತಾಗುವುದಿಲ್ಲ. ಆ ಒಂದು ತಿಳಿವಳಿಕೆಯನ್ನೇ ಬಂಡವಾಳ ಮಾಡಿಕೊಂಡವನು ತಾಲ್ಲೂಕು ಕಚೇರಿ ಎದುರಿನ ಜೆರಾಕ್ಸ್ ಅಂಗಡಿಯ ಬೆಂಚಿನ ಮೇಲೆ ಕೂತಿರುತ್ತಾನೆ. ಬೇಲೂರು, ಹಳೇಬೀಡಿನ ದೇಗುಲಗಳು 2023ರ ಸೆಪ್ಟೆಂಬರಿನಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿ ಸೇರಿದವು. ಹೊರಗಿನಿಂದ ಬಂದವರಿಗೆ ಗುಡಿಯ ದಾರಿ ತೋರಿಸುವ ಫಲಕಗಳಿಗೆ ಕೊರತೆಯಿಲ್ಲ. ಇದೇ ಊರಿನವರಿಗೆ ಕಾರ್ಮಿಕ ನಿರೀಕ್ಷಕರ ಕಚೇರಿ ಎಲ್ಲಿದೆ ಎಂದು ತೋರಿಸುವ ಫಲಕವನ್ನು ಹುಡುಕಿ ನೋಡಿ.

ಎರಡೂ ತಾಲ್ಲೂಕುಗಳಲ್ಲಿ ಐದೈದು ಹೋಬಳಿ. ಅರಸೀಕೆರೆಯಲ್ಲಿ ಕಸಬಾ, ಬಾಣಾವರ, ಕಣಕಟ್ಟೆ, ಗಂಡಸಿ, ಜಾವಗಲ್. ಬೇಲೂರಿನಲ್ಲಿ ಕಸಬಾ, ಹಳೇಬೀಡು, ಮಾದಿಹಳ್ಳಿ, ಅರೇಹಳ್ಳಿ, ಬಿಕ್ಕೋಡು. ಅರಸೀಕೆರೆಯದು ತೆಂಗು, ಕೊಬ್ಬರಿ, ರಾಗಿ ಮತ್ತು ಬರದ ಸೀಮೆ. ಬೇಲೂರು ಎರಡು ಮುಖದ ತಾಲ್ಲೂಕು: ಹಳೇಬೀಡು, ಮಾದಿಹಳ್ಳಿಯ ಕಡೆ ಬಯಲು, ಅರೇಹಳ್ಳಿ, ಬಿಕ್ಕೋಡಿನ ಕಡೆ ಮಳೆ, ಕಾಫಿ, ಕಾಡಾನೆ. ಕಷ್ಟಗಳೂ ಹಾಗೆಯೇ ಬೇರೆ ಬೇರೆ. ಕಾಗದದ ದಾರಿ ಮಾತ್ರ ಎಲ್ಲರಿಗೂ ಒಂದೇ ಕಡೆಯಿಂದ ಶುರುವಾಗುತ್ತದೆ.

ಅದು ನಾಡಕಚೇರಿ. ಹೋಬಳಿಗೊಂದರಂತೆ ಇರುವ ಈ ಕಚೇರಿಗಳು ಅಟಲ್‌ಜೀ ಜನಸ್ನೇಹಿ ಕೇಂದ್ರ ಎಂಬ ಹೆಸರಿನಲ್ಲಿ 2012ರ ಕೊನೆಯಿಂದ ಕಂಪ್ಯೂಟರಿನ ಮೇಲೆ ನಡೆಯುತ್ತಿವೆ. ಜಾತಿ, ಆದಾಯ, ವಾಸಸ್ಥಳದ ಪತ್ರಗಳು, ವೃದ್ಧಾಪ್ಯ, ವಿಧವಾ ಮತ್ತು ಅಂಗವಿಕಲ ವೇತನದ ಅರ್ಜಿಗಳು ಇಲ್ಲೇ. ಆದಾಯ ಪತ್ರಕ್ಕೆ ಐದು ವರ್ಷದ ಆಯುಸ್ಸು. ಇದನ್ನು ಮರೆತು ಹಳೆಯ ಪತ್ರ ಹಿಡಿದುಕೊಂಡು ಹೋಗಿ ವಾಪಸಾಗುವವರೇ ಹೆಚ್ಚು. ಅರ್ಜಿ ಹಾಕಿದ ಮೇಲೆ ಗ್ರಾಮ ಆಡಳಿತಾಧಿಕಾರಿ ವರದಿ ಕೊಡಬೇಕು. ಹಿಂದೆ ಶಾನುಭೋಗರು, ಆಮೇಲೆ ಗ್ರಾಮ ಲೆಕ್ಕಿಗರು, ಊರವರ ಬಾಯಲ್ಲಿ ಇಂದಿಗೂ ‘ವಿಎ’. ಅವರ ಮೇಲೆ ‘ಆರ್‌ಐ’, ಅಂದರೆ ರಾಜಸ್ವ ನಿರೀಕ್ಷಕರು, ಅವರ ಮೇಲೆ ಉಪ ತಹಶೀಲ್ದಾರರು. ಅರ್ಜಿ ಎಲ್ಲಿ ನಿಂತಿದೆ ಎಂದು ಕೇಳುವುದಾದರೆ ಈ ಮೂವರಲ್ಲಿ ಯಾರ ಬಳಿ ನಿಂತಿದೆ ಎಂದೇ ಕೇಳಬೇಕು. ‘ಇನ್ನೂ ಆಗಿಲ್ಲ ಕಣಮ್ಮ, ಹೋಗಿ ಬಾ’ ಎಂಬ ಉತ್ತರಕ್ಕೆ ಬೆಲೆಯಿಲ್ಲ.

ಕೈಗೆ ಬರುವುದು ಎಷ್ಟು? ಅರವತ್ತು ತುಂಬಿದವರಿಗೆ ವೃದ್ಧಾಪ್ಯ ವೇತನ ತಿಂಗಳಿಗೆ 800 ರೂಪಾಯಿ, ಅರವತ್ತೈದು ದಾಟಿದರೆ 1,200. ಸಂಧ್ಯಾ ಸುರಕ್ಷಾ 2007ರಲ್ಲಿ ಬಂತು, ಅದೂ ಅರವತ್ತೈದರ ಮೇಲಿನವರಿಗೆ, ಮೊತ್ತ ಅಷ್ಟೇ. ಗಂಡ ಸತ್ತವರಿಗೆ 800. ಮದುವೆಯಾಗದೆ ಉಳಿದ ಅಥವಾ ವಿಚ್ಛೇದನವಾದ, ನಲವತ್ತು ದಾಟಿದ ಹೆಂಗಸರಿಗೆ ‘ಮನಸ್ವಿನಿ’, ಲಿಂಗತ್ವ ಅಲ್ಪಸಂಖ್ಯಾತರಿಗೆ ‘ಮೈತ್ರಿ’. ಈ ಕೊನೆಯ ಎರಡನ್ನು ಕೇಳಿಕೊಂಡು ಬರುವವರು ಕಡಿಮೆ, ಕೇಳಲು ಸಂಕೋಚ ಬೇರೆ.

ಇವುಗಳಿಗೆ ಇಟ್ಟಿರುವ ಆದಾಯದ ಮಿತಿ ವರ್ಷಕ್ಕೆ 32 ಸಾವಿರ ರೂಪಾಯಿ. ದಿನಕ್ಕೆ ಭಾಗಿಸಿದರೆ 88 ರೂಪಾಯಿಯೂ ಆಗುವುದಿಲ್ಲ. ಬಿಪಿಎಲ್ ಪಡಿತರ ಚೀಟಿಗೆ ಅದೇ ಸರ್ಕಾರ ಒಪ್ಪುವ ಮಿತಿ 1.20 ಲಕ್ಷ. ಒಂದೇ ಮನೆ ಅಕ್ಕಿಗೆ ಬಡವರದು, ಪಿಂಚಣಿಗೆ ಬಡವರದಲ್ಲ! ಅರೇಹಳ್ಳಿಯ ಕಾಫಿ ತೋಟದಲ್ಲಿ ಹಣ್ಣು ಬಿಡಿಸುವ ಅಥವಾ ಗಂಡಸಿಯಲ್ಲಿ ತೆಂಗಿನಕಾಯಿ ಸುಲಿಯುವ ಯಾರ ಕೂಲಿಯೂ ವರ್ಷಪೂರ್ತಿ ದಿನಕ್ಕೆ 88 ರೂಪಾಯಿಯೊಳಗೆ ನಿಲ್ಲುವುದಿಲ್ಲ. ಹೀಗಾಗಿ ಆದಾಯ ಪತ್ರದಲ್ಲಿ ಬರೆಯುವ ಅಂಕಿ ಸುಳ್ಳು ಎಂಬುದು ಬರೆಸುವವರಿಗೂ ಗೊತ್ತು, ಬರೆಯುವವರಿಗೂ ಗೊತ್ತು. ಎಲ್ಲರೂ ಸುಳ್ಳು ಹೇಳಲೇಬೇಕಾದ ನಿಯಮವನ್ನು ಇಟ್ಟುಕೊಂಡರೆ ಲಾಭ ಆಗುವುದು ಮಧ್ಯವರ್ತಿಗೆ ಮಾತ್ರ. ‘ಕಮ್ಮಿ ಬರೆಸಿಕೊಡ್ತೀನಿ’ ಎನ್ನುವುದೇ ಅವನ ದಂಧೆ. ಅನರ್ಹರನ್ನು ಪಟ್ಟಿಯಿಂದ ತೆಗೆಯುತ್ತೇವೆ ಎಂದು ಹೊರಡುವ ಮೊದಲು ಈ ಮಿತಿಯನ್ನು ಪಡಿತರ ಚೀಟಿಯ ಮಟ್ಟಕ್ಕೆ ತರುವುದು ನ್ಯಾಯ.

ಪಿಂಚಣಿ ನಿಂತು ಹೋಯಿತು ಎನ್ನುವ ದೂರು ಈಚೆಗೆ ಸಾಮಾನ್ಯ. ಇದರ ಹಿಂದೆ ಬಹಳ ಸಲ ಇರುವುದು ಆಧಾರ್ ಜೋಡಣೆಯ ಗೊಂದಲ. ಸರ್ಕಾರದ ಹಣ ಈಗ ಖಾತೆ ಸಂಖ್ಯೆಯನ್ನು ನೋಡಿ ಬರುವುದಿಲ್ಲ. ಆಧಾರ್ ಕೊನೆಯದಾಗಿ ಯಾವ ಬ್ಯಾಂಕಿಗೆ ಜೋಡಣೆಯಾಗಿದೆಯೋ ಅಲ್ಲಿಗೆ ಹೋಗುತ್ತದೆ. ಸಂಘದ ಸಾಲಕ್ಕೆಂದೋ ಮೊಮ್ಮಗನ ವಿದ್ಯಾರ್ಥಿವೇತನಕ್ಕೆಂದೋ ಬೇರೆ ಬ್ಯಾಂಕಿನಲ್ಲಿ ಖಾತೆ ತೆರೆದು, ಹೆಬ್ಬೆಟ್ಟು ಒತ್ತಿ ಬಂದ ಅಜ್ಜಿಯ ಪಿಂಚಣಿ ಆ ಹೊಸ ಖಾತೆಯಲ್ಲಿ ತಿಂಗಳುಗಟ್ಟಲೆ ಸುಮ್ಮನೆ ಕೂತಿರುತ್ತದೆ. ಅಜ್ಜಿ ಹಳೆಯ ಪಾಸ್‌ಬುಕ್ ಹಿಡಿದು ಹಳೆಯ ಬ್ಯಾಂಕಿಗೆ ಎಡತಾಕುತ್ತಾರೆ. ‘ಡಿಬಿಟಿ ಕರ್ನಾಟಕ’ ಎಂಬ ಸರ್ಕಾರಿ ಆ್ಯಪ್‌ನಲ್ಲಿ ಆಧಾರ್ ಸಂಖ್ಯೆ ಹಾಕಿ, ಮೊಬೈಲಿಗೆ ಬರುವ ಒಟಿಪಿ ಕೊಟ್ಟರೆ ಯಾವ ತಿಂಗಳ ಹಣ ಯಾವ ಖಾತೆಗೆ ಹೋಯಿತು ಎಂದು ಎರಡು ನಿಮಿಷದಲ್ಲಿ ತಿಳಿಯುತ್ತದೆ. ತಾಲ್ಲೂಕು ಕಚೇರಿಗೆ ಹೋಗುವ ಮೊದಲು ಮನೆಯ ಹುಡುಗರು ಮಾಡಬೇಕಾದ ಕೆಲಸ ಇದು. ಬ್ಯಾಂಕಿನವರೆಗೆ ನಡೆಯಲಾಗದವರಿಗೆ ಅಂಚೆಯಣ್ಣನೇ ಚಿಕ್ಕ ಯಂತ್ರದಲ್ಲಿ ಬೆರಳು ತೆಗೆದುಕೊಂಡು ಮನೆಬಾಗಿಲಲ್ಲಿ ಹಣ ಕೊಡುವ ವ್ಯವಸ್ಥೆ ಅಂಚೆ ಪಾವತಿ ಬ್ಯಾಂಕಿನಲ್ಲಿದೆ. ಕೇಳಿದರೆ ಬರುತ್ತಾರೆ.

ಸಾವಿನ ಮನೆಯ ಕಾಗದ

ದುಡಿಯುವ ಗಂಡಸು ಸತ್ತ ಮನೆಯಲ್ಲಿ ಹನ್ನೊಂದು ದಿನ ಯಾರೂ ಕಾಗದದ ಮಾತೆತ್ತುವುದಿಲ್ಲ. ಎತ್ತಬಾರದು ಎಂಬುದು ನಮ್ಮ ನಡವಳಿಕೆ. ಆದರೆ ಮರಣ ನೋಂದಣಿಗೆ ಇರುವ ಸಹಜ ಅವಧಿ 21 ದಿನ. ದಾಟಿದರೆ ದಂಡ, ಪ್ರಮಾಣಪತ್ರ, ಅಲೆದಾಟ. ಆ ಒಂದು ಹಾಳೆ ಇಲ್ಲದೆ ವಿಧವಾ ವೇತನವಿಲ್ಲ, ವಿಮೆಯಿಲ್ಲ, ಪೌತಿ ಖಾತೆಯಿಲ್ಲ. ಬಿಪಿಎಲ್ ಕುಟುಂಬದಲ್ಲಿ ಅರವತ್ತು ತುಂಬದ ಮುಖ್ಯ ದುಡಿಮೆಗಾರ ತೀರಿಕೊಂಡರೆ ರಾಷ್ಟ್ರೀಯ ಕುಟುಂಬ ಸಹಾಯ ಯೋಜನೆಯಲ್ಲಿ ಒಮ್ಮೆಗೆ 20 ಸಾವಿರ ರೂಪಾಯಿ ಸಿಗುತ್ತದೆ. ಇದಕ್ಕೂ ನಾಡಕಚೇರಿಯಲ್ಲೇ ವಿಚಾರಿಸಬೇಕು. ಈ ಯೋಜನೆಯ ಹೆಸರು ಕೇಳಿದವರು ಎಷ್ಟು ಜನ ಸಿಗುತ್ತಾರೋ ನೋಡಿ.

ಹೊಲದಲ್ಲಿ ಹಾವು ಕಡಿದು ಸತ್ತ ರೈತನ ಮನೆಯವರಿಗೆ ಕೃಷಿ ಇಲಾಖೆ 2 ಲಕ್ಷ ರೂಪಾಯಿ ಕೊಡುತ್ತದೆ. ಕೊಡಬೇಕಾದರೆ ಮರಣೋತ್ತರ ಪರೀಕ್ಷೆಯ ವರದಿ ಬೇಕು. ‘ಕುಯ್ಯಿಸೋದು ಬೇಡ, ಮಣ್ಣು ಮಾಡಿಬಿಡೋಣ’ ಎಂದು ಹಿರಿಯರು ತೀರ್ಮಾನಿಸಿದ ಗಳಿಗೆಯಲ್ಲೇ ಆ ಪರಿಹಾರ ಕೈತಪ್ಪಿ ಹೋಗಿರುತ್ತದೆ. ದುಃಖದ ನಡುವೆ ಇದನ್ನು ಹೇಳುವ ಒಬ್ಬರು ಊರಲ್ಲಿರಬೇಕು. ಅರಸೀಕೆರೆಯಲ್ಲಿ ತೆಂಗಿನ ಮರ ಹತ್ತುವವರ ವಿಷಯವೂ ಹೀಗೆಯೇ. ತೆಂಗು ಅಭಿವೃದ್ಧಿ ಮಂಡಳಿ ಕಾಯಿ ಕೀಳುವವರಿಗಾಗಿ ‘ಕೇರ ಸುರಕ್ಷಾ’ ಎಂಬ ವಿಮೆ ನಡೆಸುತ್ತದೆ, ಕಂತಿನ ಹೆಚ್ಚಿನ ಪಾಲನ್ನು ಮಂಡಳಿಯೇ ಕಟ್ಟುತ್ತದೆ. ಮರ ಹತ್ತುವವರ ಹೆಸರು ಅದರಲ್ಲಿದೆಯೇ ಎಂದು ತೋಟದ ಮಾಲೀಕರು ಕೇಳಿದರೆ ತಪ್ಪೇನಿಲ್ಲ. ಬಿದ್ದಮೇಲೆ ಚಂದಾ ಎತ್ತುವ ಕೆಲಸ ಉಳಿಯುತ್ತದೆ.

ತಂದೆಯಿಲ್ಲದ ಮಕ್ಕಳಿಗೆ ಮಿಷನ್ ವಾತ್ಸಲ್ಯದ ಪ್ರಾಯೋಜಕತ್ವ ಎಂಬುದಿದೆ: ಮಗುವಿಗೆ ತಿಂಗಳಿಗೆ 4 ಸಾವಿರ ರೂಪಾಯಿ. ಹಳ್ಳಿಯ ಕುಟುಂಬದ ಆದಾಯ ವರ್ಷಕ್ಕೆ 72 ಸಾವಿರ, ಪಟ್ಟಣದ್ದಾದರೆ 96 ಸಾವಿರ ಮೀರಿರಬಾರದು. ಅರ್ಜಿ ಹೋಗುವುದು ಹಾಸನದ ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ. ಊರಿನ ಅಂಗನವಾಡಿ ಕಾರ್ಯಕರ್ತೆಗೆ ಹೇಳಿದರೆ ಅವರ ಮೇಲ್ವಿಚಾರಕಿಯ ಮೂಲಕ ದಾರಿ ಸಿಗುತ್ತದೆ, 1098ಕ್ಕೆ ಕರೆ ಮಾಡಿದರೂ ಸಿಗುತ್ತದೆ. ವಿಧವಾ ವೇತನದ 800 ರೂಪಾಯಿಗೆ ಓಡಾಡುವ ತಾಯಂದಿರಿಗೆ ಅದರ ಐದು ಪಟ್ಟಿನ ಈ ನೆರವಿನ ವಿಷಯ ಯಾರೂ ಹೇಳಿರುವುದಿಲ್ಲ. ನಾಡಕಚೇರಿ ಕಂದಾಯ ಇಲಾಖೆಯದು, ಮಕ್ಕಳ ಘಟಕ ಬೇರೆ ಇಲಾಖೆಯದು. ಒಂದು ಇಲಾಖೆಯವರು ಇನ್ನೊಂದರ ಹಣದ ಬಗ್ಗೆ ಬಾಯಿ ಬಿಡುವುದಿಲ್ಲ.

ಬರೆದುಕೊಟ್ಟ ತೋಟ

ಹೆತ್ತವರ ಮತ್ತು ಹಿರಿಯ ನಾಗರಿಕರ ಪಾಲನೆ, ಸಂರಕ್ಷಣೆಯ ಕಾಯ್ದೆ ಬಂದದ್ದು 2007ರಲ್ಲಿ. ಮಕ್ಕಳು ನೋಡಿಕೊಳ್ಳದಿದ್ದರೆ ಉಪವಿಭಾಗಾಧಿಕಾರಿಯ ಅಧ್ಯಕ್ಷತೆಯ ನ್ಯಾಯಮಂಡಳಿಗೆ ಅರ್ಜಿ ಕೊಡಬಹುದು. ಬಿಳಿ ಹಾಳೆಯ ಅರ್ಜಿ ಸಾಕು, ವಕೀಲರನ್ನು ಇಡಲೇಬೇಕೆಂಬ ಕಟ್ಟಳೆಯಿಲ್ಲ. ತಿಂಗಳಿಗೆ 10 ಸಾವಿರ ರೂಪಾಯಿಯವರೆಗೆ ಜೀವನಾಂಶ ಕೊಡಿಸುವ ಅಧಿಕಾರ ಈ ಮಂಡಳಿಗಿದೆ. ಮಕ್ಕಳಿಲ್ಲದವರು ತಮ್ಮ ಆಸ್ತಿಗೆ ವಾರಸುದಾರರಾಗುವ ಬಂಧುಗಳ ಮೇಲೂ ಕೇಳಬಹುದು.

ಈ ಕಾಯ್ದೆಯ 23ನೇ ಸೆಕ್ಷನ್ ನಮ್ಮ ತೆಂಗು, ಕಾಫಿ ಸೀಮೆಗೆ ಬಹಳ ಮುಖ್ಯ. ‘ನೋಡಿಕೊಳ್ಳುತ್ತೇನೆ’ ಎಂಬ ಷರತ್ತಿನ ಮೇಲೆ ಆಸ್ತಿ ಪಡೆದವರು ನೋಡಿಕೊಳ್ಳದಿದ್ದರೆ ಆ ದಾನಪತ್ರವನ್ನೇ ರದ್ದು ಮಾಡಬಹುದು. 2022ರ ಡಿಸೆಂಬರಿನ ಒಂದು ತೀರ್ಪಿನಲ್ಲಿ ಸುಪ್ರೀಂ ಕೋರ್ಟು, ಅಂಥ ಷರತ್ತು ಇತ್ತೆಂದು ತೋರಿಸದೆ ರದ್ದು ಮಾಡಲಾಗದು ಎಂದಿತು. 2025ರ ಜನವರಿಯಲ್ಲಿ ಇನ್ನೊಂದು ಪ್ರಕರಣದಲ್ಲಿ, ಇದು ಹಿರಿಯರ ಹಿತಕ್ಕಾಗಿ ಇರುವ ಕಾಯ್ದೆ, ಉದಾರವಾಗಿ ಅರ್ಥೈಸಬೇಕು ಎಂದಿತು. ಎರಡನ್ನೂ ಓದಿದವರು ಕೊಡುವ ಬುದ್ಧಿಮಾತು ಇಷ್ಟೇ: ಸಬ್ ರಿಜಿಸ್ಟ್ರಾರ್ ಕಚೇರಿಗೆ ಹೋಗುವ ಮೊದಲು ಪತ್ರದಲ್ಲೇ ಒಂದು ಸಾಲು ಬರೆಸಿ, ‘ಬದುಕಿರುವವರೆಗೆ ಊಟ, ವಸತಿ, ಔಷಧಿ ನೋಡಿಕೊಳ್ಳತಕ್ಕದ್ದು, ತಪ್ಪಿದಲ್ಲಿ ಈ ಪತ್ರ ರದ್ದಾಗತಕ್ಕದ್ದು’ ಎಂದು. ಮಗನ ಮೇಲೆ ಅಪನಂಬಿಕೆಯೇ ಎಂದು ಪತ್ರ ಬರೆಯುವವರು ನಗಬಹುದು. ನಗಲಿ.

ಬೇಲೂರು ತಾಲ್ಲೂಕಿನವರ ತೊಂದರೆ ಸಕಲೇಶಪುರದ ದೂರ. ‘ಶಕ್ತಿ’ ಯೋಜನೆ ಬಂದ 2023ರ ಜೂನ್ ನಂತರ ಹೆಂಗಸರಿಗೆ ಬಸ್ ಚಾರ್ಜಿನ ಚಿಂತೆ ತಪ್ಪಿದೆ, ಮೊಣಕಾಲಿನ ಚಿಂತೆ ತಪ್ಪಿಲ್ಲ. ಮಗನ ವಿರುದ್ಧ ದೂರು ಹಿಡಿದು ಹೊರಟ ಎಪ್ಪತ್ತೈದರ ತಾಯಿಯ ಜೊತೆ ಬಸ್ ಹತ್ತಲು ಊರಲ್ಲಿ ಯಾರು ಮುಂದೆ ಬರುತ್ತಾರೆ? ಉಪವಿಭಾಗಾಧಿಕಾರಿ ತಿಂಗಳಲ್ಲಿ ಒಂದು ದಿನ ಬೇಲೂರಿನಲ್ಲಿ ಕೂತು ಈ ಪ್ರಕರಣಗಳನ್ನು ಕೇಳಬೇಕು. ಅದಕ್ಕೆ ಹೊಸ ಕಾಯ್ದೆ ಬೇಕಿಲ್ಲ, ಒಂದು ಕೊಠಡಿ ಮತ್ತು ಜೀಪಿನ ಡೀಸೆಲ್ ಸಾಕು. ಅಲ್ಲಿಯವರೆಗೆ ಹತ್ತಿರದ ದಾರಿ ಎಂದರೆ ತಾಲ್ಲೂಕು ಕಾನೂನು ಸೇವೆಗಳ ಸಮಿತಿ. ಅರಸೀಕೆರೆ, ಬೇಲೂರು ಎರಡೂ ಕಡೆ ನ್ಯಾಯಾಲಯದ ಆವರಣದಲ್ಲೇ ಇದೆ. ಹೆಂಗಸರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರಿಗೆ ಆದಾಯ ನೋಡದೆ ಉಚಿತ ವಕೀಲರನ್ನು ಕೊಡುತ್ತಾರೆ. ಹಿರಿಯರ ಸಹಾಯವಾಣಿ 14567, ಕಾನೂನು ನೆರವಿನದು 15100. ಹೊಡೆತ ಬಡಿತದ ಮನೆಯ ಹೆಂಗಸರಿಗೆ 181. ಜಿಲ್ಲೆಗೊಂದರಂತೆ ಇರುವ ‘ಸಖಿ’ ಕೇಂದ್ರಕ್ಕೆ ದಾರಿಯೂ ಅದರಿಂದಲೇ.

ಆಸ್ಪತ್ರೆಯ ವಿಷಯದಲ್ಲಿ ಒಂದೇ ಮಾತು. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಇದೆ ನಿಜ, ಆದರೆ ತುರ್ತು ಸಂದರ್ಭ ಬಿಟ್ಟು ಉಳಿದಂತೆ ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರವಿಲ್ಲದೆ ನೇರ ಖಾಸಗಿಗೆ ಹೋದರೆ ಬಿಲ್ಲು ನಿಮ್ಮ ತಲೆಗೇ. ಮೊದಲು ತಾಲ್ಲೂಕು ಆಸ್ಪತ್ರೆ, ಆಮೇಲೆ ಮುಂದಿನ ಮಾತು. ಮನಸ್ಸಿನ ಕಾಯಿಲೆಯನ್ನು ಗಾಳಿ, ದೆವ್ವ ಎಂದು ಸುತ್ತಾಡಿಸುವ ಮೊದಲು 14416ಕ್ಕೆ ಕರೆ ಮಾಡಿ. ಟೆಲಿ ಮನಸ್ ಎಂಬ ಈ ಸೇವೆ 2022ರ ಅಕ್ಟೋಬರಿನಿಂದ ನಡೆಯುತ್ತಿದೆ, ಕನ್ನಡದಲ್ಲೇ ಮಾತಾಡುತ್ತಾರೆ.

ಸರ್ಕಾರದ ಮೂರು ಜನ ನಮ್ಮ ಊರುಗಳಲ್ಲೇ ಇದ್ದಾರೆ. ಆಶಾ ಕಾರ್ಯಕರ್ತೆ, ಅಂಗನವಾಡಿ ಟೀಚರಮ್ಮ, ಮತ್ತು ಹೆಚ್ಚು ಜನರಿಗೆ ಗೊತ್ತಿಲ್ಲದ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು, ಪಂಚಾಯತಿಯಲ್ಲಿ ‘ವಿಆರ್‌ಡಬ್ಲ್ಯು’ ಎನ್ನುತ್ತಾರೆ. ಇವರೂ ಸಾಮಾನ್ಯವಾಗಿ ಅಂಗವಿಕಲರೇ. ಅಂಗವಿಕಲರ ಗುರುತಿನ ಯುಡಿಐಡಿ ಕಾರ್ಡು, ಗಾಲಿಕುರ್ಚಿ, ಶ್ರವಣ ಸಾಧನ, ವೇತನದ ಅರ್ಜಿ ಎಲ್ಲವೂ ಇವರ ಕೆಲಸ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ವೈಕಲ್ಯಗಳನ್ನು ಗುರುತಿಸಿದೆ, ತಲಸ್ಸೇಮಿಯಾ, ಕುಷ್ಠದಿಂದ ಗುಣವಾದವರು, ಆಸಿಡ್ ದಾಳಿಗೆ ಒಳಗಾದವರೂ ಸೇರಿ. ಪಂಚಾಯತಿ ತನ್ನ ಸ್ವಂತ ಸಂಪನ್ಮೂಲದ ಶೇಕಡ 5ನ್ನು ಅಂಗವಿಕಲರಿಗೇ ಖರ್ಚು ಮಾಡಬೇಕು. ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳಬೇಕಾದ ಪ್ರಶ್ನೆ ಇದು: ಹೋದ ವರ್ಷದ ಆ ಐದು ಶೇಕಡ ಎಲ್ಲಿ ಹೋಯಿತು?

ಅರೇಹಳ್ಳಿ, ಬಿಕ್ಕೋಡು ಕಡೆಯ ಲೈನ್‌ಮನೆಗಳಲ್ಲಿ ಇರುವವರ ಪಾಡು ಇನ್ನೊಂದು ಬಗೆ. ಉತ್ತರ ಕರ್ನಾಟಕದಿಂದ, ಅಸ್ಸಾಮಿನಿಂದ ಕೆಲಸಕ್ಕೆ ಬಂದವರಿಗೆ ಇಲ್ಲಿ ಮತವಿಲ್ಲ, ಹೀಗಾಗಿ ಕೇಳುವವರೂ ಇಲ್ಲ. ಅವರ ಊರಿನ ಪಡಿತರ ಚೀಟಿಗೆ ಇಲ್ಲಿನ ನ್ಯಾಯಬೆಲೆ ಅಂಗಡಿಯಲ್ಲೂ ಬೆರಳು ಕೊಟ್ಟು ಅಕ್ಕಿ ಪಡೆಯಬಹುದು. ಬರುವುದಿಲ್ಲ ಎಂದು ಅಂಗಡಿಯವರು ಹೇಳಿದರೆ 1967ಕ್ಕೆ ದೂರು ಹೇಳಬೇಕು. ಆನೆ ದಾಳಿಯ ಪರಿಹಾರಕ್ಕೆ ಅರಣ್ಯ ಇಲಾಖೆಯ ವಲಯ ಕಚೇರಿ. ಕೂಲಿಯವನು ಸತ್ತರೂ ಭೂಮಾಲೀಕ ಸತ್ತರೂ ಪರಿಹಾರದ ಹಕ್ಕು ಒಂದೇ.

ಇನ್ನು ಸಮುದಾಯದ ನೆರವು. ಹಳೇಬೀಡಿನ ಬಳಿಯ ಪುಷ್ಪಗಿರಿ ಮಠ, ಹಾರನಹಳ್ಳಿಯ ಕೋಡಿಮಠ ಹತ್ತಿರದಲ್ಲಿವೆ. ಓದುವ ಬಡ ಮಕ್ಕಳಿಗೆ ಅನ್ನ, ವಸತಿಗೆ ತುಮಕೂರಿನ ಸಿದ್ಧಗಂಗೆಯ ಹಾದಿ ಅರಸೀಕೆರೆಯವರಿಗೆ ರೈಲಿನಲ್ಲೇ ಸಿಗುತ್ತದೆ. ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆ ನಿರ್ಗತಿಕರಿಗೆ ಮಾಸಾಶನ ಕೊಡುತ್ತದೆ, ಸಂಘದ ಸೇವಾ ಪ್ರತಿನಿಧಿಗೆ ಹೇಳಬೇಕು. ಆದರೆ ‘ಸಂಘ’ ಎಂದ ಕೂಡಲೇ ಎಲ್ಲವೂ ನೆರವಲ್ಲ. ವಾರದ ಕಂತಿಗೆ ಮನೆಬಾಗಿಲಲ್ಲಿ ಕೂತು ಮರ್ಯಾದೆ ತೆಗೆಯುವ ಕಿರುಸಾಲದವರ ಕಾಟಕ್ಕೆ ತಡೆ ಹಾಕಲು 2025ರ ಫೆಬ್ರುವರಿಯಲ್ಲಿ ರಾಜ್ಯ ಸರ್ಕಾರ ಸುಗ್ರೀವಾಜ್ಞೆ ತಂದಿತು: ಬಲವಂತದ ವಸೂಲಿಗೆ 10 ವರ್ಷದವರೆಗೆ ಜೈಲು, 5 ಲಕ್ಷ ರೂಪಾಯಿವರೆಗೆ ದಂಡ. ಪೊಲೀಸ್ ಠಾಣೆ ದೂರು ತೆಗೆದುಕೊಳ್ಳಲೇಬೇಕು.

ಕೊನೆಗೆ ಎಲ್ಲಕ್ಕೂ ಬೇಕಾದ ಒಂದು ಚೀಟಿಯ ಮಾತು. ಸಕಾಲ ಕಾಯ್ದೆ 2011ರದು, ಜಾರಿಗೆ ಬಂದದ್ದು 2012ರ ಏಪ್ರಿಲ್ 2ರಂದು. ಅದರ ವ್ಯಾಪ್ತಿಯ ಅರ್ಜಿಗೆ ಸ್ವೀಕೃತಿ ಮತ್ತು ಸಂಖ್ಯೆ ಕೊಡಲೇಬೇಕು. ಅವಧಿ ಮೀರಿದರೆ ದಿನಕ್ಕೆ 20 ರೂಪಾಯಿಯಂತೆ 500 ರೂಪಾಯಿವರೆಗೆ ಪರಿಹಾರ ಕೇಳಬಹುದು, ಮೇಲ್ಮನವಿ ಹಾಕಬಹುದು. ಐನೂರು ರೂಪಾಯಿ ದೊಡ್ಡದಲ್ಲ. ಸಂಖ್ಯೆ ಇರುವ ಅರ್ಜಿಯನ್ನು ‘ಬಂದೇ ಇಲ್ಲ’ ಎನ್ನಲಾಗದು ಎಂಬುದು ದೊಡ್ಡದು. ಕಚೇರಿಯಲ್ಲಿ ಕೆಲಸವಾಗದಿದ್ದರೆ 1902ಕ್ಕೆ ಕರೆ ಮಾಡಿ ಅದೇ ಸಂಖ್ಯೆ ಹೇಳಿ.

ಇದನ್ನು ಓದುವವರಿಗೆ ಅಕ್ಷರ ಬರುತ್ತದೆ, ಕೈಯಲ್ಲಿ ಫೋನಿದೆ. ನಿಮ್ಮ ಬೀದಿಯಲ್ಲಿ ಪಿಂಚಣಿ ನಿಂತ ಒಬ್ಬರು, ಗಂಡನನ್ನು ಕಳೆದುಕೊಂಡ ಒಬ್ಬರು ಖಂಡಿತ ಇದ್ದಾರೆ. ಸೋಮವಾರ ಅವರ ಜೊತೆ ನಾಡಕಚೇರಿಗೆ ಹೋಗಿ, ಸ್ವೀಕೃತಿ ಪಡೆಯದೆ ಕಿಟಕಿ ಬಿಟ್ಟು ಕದಲಬೇಡಿ.